ಶನಿವಾರ ಸಂಜೆ ದುಡಿದವರಿಗೆ

ಮೊನ್ನೆ ಭಾನುವಾರ ಕೊನೆಯ ಎಂಟು ಮನೆಗಳಲ್ಲಿ ಹಾಲುಕ್ಕಿತು. ಅಲ್ಲಿಗೆ ಕೊಡಗಿನಲ್ಲಿ ಗುಡ್ಡ ಜಾರಿ ಮನೆ ಕಳೆದುಕೊಂಡವರಿಗೆ ನಾವೆಲ್ಲ ಸೇರಿ ಕಟ್ಟಿದ 30 ಮನೆಯೂ ಮುಗಿಯಿತು. 2018ರ ನವೆಂಬರ್‌ನಲ್ಲಿ ಪಾಯಕ್ಕೆ ಸುಣ್ಣದ ಗೆರೆ ಹಾಕಿದ್ದು, 2020ರ ಫೆಬ್ರವರಿಯಲ್ಲಿ ಕೊನೆಯ ಬೀಗದ ಕೈ ಕೊಟ್ಟಿದ್ದು. ಒಂದೇ ಒಂದು ದಿನವಾದರೂ ಬಂದು ಕೈ ಹಾಕಿದವರ ಹೆಸರು ನಮ್ಮ ಹಾಜರಿ ಪುಸ್ತಕದಲ್ಲಿ ಸಾವಿರಕ್ಕೂ ಜಾಸ್ತಿ ಇದೆ. ಬೆಂಗಳೂರು, ಮೈಸೂರಿನಿಂದ ರಾತ್ರಿ ಬಸ್ಸು ಹತ್ತಿ ಬಂದು, ಇಡೀ ದಿನ ಬಾಂಡ್ಲಿ ಹೊತ್ತು, ಮತ್ತೆ ರಾತ್ರಿ ಬಸ್ಸಿಗೇ ಹೋದವರು ನೀವು. ನಿಮಗೆಲ್ಲ ಕೈ ಮುಗಿಯುತ್ತೇನೆ.

ಇವತ್ತು ನಿಮ್ಮ ಜೊತೆಗೆ, ಯಾವ ಫೋಟೊದಲ್ಲೂ ಇಲ್ಲದ ಕೆಲವರನ್ನು ನೆನೆಯಬೇಕು.

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಜಾರಿದಾಗ ಮಕ್ಕಂದೂರು, ಜೋಡುಪಾಲ, ಕಾಲೂರು ಕಡೆ ಎಷ್ಟೋ ಜನರಿಗೆ ಮನೆಯ ಜೊತೆ ಮನೆ ನಿಂತಿದ್ದ ಜಾಗವೇ ಹೋಯಿತು. ಹಾಗಾಗಿ ನಮಗೆ ಮೊದಲು ಬೇಕಾಗಿದ್ದು ನೆಲ. ಒಬ್ಬರು ಬೆಳೆಗಾರರು ತಮ್ಮ ತೋಟದ ಅಂಚು ಬಿಟ್ಟುಕೊಟ್ಟರು. ಜೆಸಿಬಿ ತಂದು ಒಂದೇ ಮಟ್ಟ ಮಾಡಿಬಿಡಿ, ಬೇಗ ಆಗುತ್ತೆ ಅಂತ ಹೇಳಿದವರು ಬಹಳ ಜನ. ನಮ್ಮ ಎಂಜಿನಿಯರ್ ಒಪ್ಪಲಿಲ್ಲ. ಮಳೆಯ ಜೊತೆಗೆ ಗುಡ್ಡದ ಬುಡ ಕಡಿದಿದ್ದೂ ಕಾರಣ ಅಂತ ಭೂವಿಜ್ಞಾನಿಗಳು ಹೇಳಿದ್ದು ಅವರಿಗೆ ಚೆನ್ನಾಗಿ ನೆನಪಿತ್ತು. ಇಳಿಜಾರು ಹೇಗಿದೆಯೋ ಹಾಗೇ ಮೆಟ್ಟಿಲು ಮೆಟ್ಟಿಲಾಗಿ ಮನೆ ಕೂರಿಸಿದರು. ಅದಕ್ಕೂ ಮೊದಲು ಚರಂಡಿ ತೋಡಿಸಿದರು. ಮೂರು ವಾರ ಒಂದು ಗೋಡೆಯೂ ಏಳಲಿಲ್ಲ. ಬಂದವರಿಗೆ ಬೇಜಾರು, ದುಡ್ಡು ಕೊಟ್ಟವರಿಂದ ಫೋನು.

ಮರುವರ್ಷ ಆಗಸ್ಟ್‌ನಲ್ಲಿ ತೋರ, ಕೋರಂಗಾಲದಲ್ಲಿ ಮತ್ತೆ ಗುಡ್ಡ ಜಾರಿದ ಸುದ್ದಿ ಬಂದಾಗ ನಾವು ಅದೇ ಚರಂಡಿ ಪಕ್ಕ ಕೊಡೆ ಹಿಡಿದು ನಿಂತಿದ್ದೆವು. ಕೆಂಪು ನೀರು ಮನೆಗಳ ಹಿಂದಿನಿಂದ ಸುತ್ತಿ ಹಳ್ಳಕ್ಕೆ ಇಳಿಯುತ್ತಿತ್ತು. ಎಂಜಿನಿಯರ್ ಸರ್, ಅವತ್ತು ಗಂಟಲು ಕಟ್ಟಿ ಮಾತು ಬರಲಿಲ್ಲ. ನೀವು ಹಟ ಬಿಡದೆ ಇದ್ದಿದ್ದಕ್ಕೆ ಈಗ ಹೇಳುತ್ತಿದ್ದೇನೆ, ತುಂಬಾ ಥ್ಯಾಂಕ್ಸ್.

ನಮಗೆ ಕೆಲಸದ ಲೆಕ್ಕ ಕಲಿಸಿದ್ದು ಮೈಸೂರಿನ ಒಬ್ಬ ಹಿರಿಯರು. 2006ರಲ್ಲಿ ಮಹಾರಾಷ್ಟ್ರದ ಲೋಣಾವಳ ಹತ್ತಿರದ ಮಳವಲಿಯಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ದಂಪತಿ ಜೊತೆ ಸುಮಾರು 2,000 ಸ್ವಯಂಸೇವಕರು ಒಂದು ವಾರ ದುಡಿದು 100 ಮನೆ ಎಬ್ಬಿಸಿದ್ದರು. ಇವರೂ ಅಲ್ಲಿ ಬ್ಲಾಕ್ ಹೊತ್ತವರು. "ಎಲ್ಲರೂ ಆ ಒಂದು ವಾರದ ಕಥೆ ಹೇಳ್ತಾರೆ. ನಾವು ಹೋಗೋ ಹೊತ್ತಿಗೆ ಪಾಯ ಹಾಕಿ ಆಗಿತ್ತಪ್ಪಾ. ಅದನ್ನ ಹಾಕಿದವರು ಯಾರು ಅಂತ ಕೇಳಿ" ಅಂದರು. ಅವತ್ತಿನಿಂದ ನಮ್ಮ ಭಾನುವಾರದ ಕೆಲಸ ಶನಿವಾರ ಸಂಜೆಯೇ ಶುರುವಾಯಿತು.

ಶನಿವಾರ ಸಂಜೆ ಏನಿರುತ್ತೆ? ಮರಳು ಜರಡಿ ಹಿಡಿಯಬೇಕು. ಡ್ರಮ್ಮಿಗೆ ನೀರು ತುಂಬಬೇಕು. ಬ್ಲಾಕ್ ಒಂದೊಂದೂ 20 ಕೆಜಿಗೆ ಕಡಿಮೆ ಇಲ್ಲ. ಅದನ್ನು ಆಯಾ ಗೋಡೆಯ ಪಕ್ಕವೇ ಜೋಡಿಸಿಡಬೇಕು. ಮೂಲೆಗಳಲ್ಲಿ ಮೊದಲ ಕಲ್ಲು ಕೂರಿಸಿ ದಾರ ಕಟ್ಟಬೇಕು. ಇಷ್ಟು ಆಗದಿದ್ದರೆ ಬೆಳಿಗ್ಗೆ 60 ಜನ ಬಂದು ಸುಮ್ನೆ ನಿಲ್ಲಬೇಕಾಗುತ್ತೆ. ಒಂದು ಭಾನುವಾರ ಹಾಗೇ ಆಯಿತು. ಮರಳಿನ ಲಾರಿ ಬರಲಿಲ್ಲ. ಮಧ್ಯಾಹ್ನದ ಊಟ ಮಾಡಿ ಎಲ್ಲರೂ ಬಸ್ಸು ಹತ್ತುವಾಗ ನನಗೆ ಮುಖ ಎತ್ತಲಾಗಲಿಲ್ಲ. ಮುಂದಿನ ವಾರದಿಂದ ಉಗ್ರಾಣದ ಅಣ್ಣ ಲಾರಿ ಬಂದು ಇಳಿಸುವ ತನಕ ಮನೆಗೆ ಹೋಗುತ್ತಿರಲಿಲ್ಲ. ಮಳೆಗಾಲದಲ್ಲಿ ಸಿಮೆಂಟ್ ಮೂಟೆಗಳನ್ನು ಗೋಡೆಗೆ ತಾಗದ ಹಾಗೆ ಹಲಗೆ ಮೇಲೆ ಪೇರಿಸಿ, ಹಳೆಯದು ಮೊದಲು ಹೋಗುವ ಹಾಗೆ ಸೀಮೆಸುಣ್ಣದಲ್ಲಿ ತಾರೀಖು ಬರೆದವರು ಅವರೇ. ಸೋಮವಾರದಿಂದ ಶುಕ್ರವಾರದ ತನಕ ದಿನಾ ಗೋಡೆಗಳಿಗೆ ನೀರು ಹೊಡೆದವರು ತೋಟದ ಕಾರ್ಮಿಕರ ಲೈನ್ ಮನೆಯ ಇಬ್ಬರು ಅಕ್ಕಂದಿರು. ಅವರಿಲ್ಲದಿದ್ದರೆ ಭಾನುವಾರದ ಗಾರೆ ಬಿಸಿಲಿಗೆ ಒಣಗಿ ಪುಡಿಯಾಗುತ್ತಿತ್ತು.

ಈಗ ನಮ್ಮ ಮೇಸ್ತ್ರಿ. ಪಿರಿಯಾಪಟ್ಟಣ ಕಡೆಯವರು. ಕರಣೆ ಹಿಡಿಯಲು ಬಾರದವರಿಗೆ ಒಂದೂಕಾಲು ವರ್ಷ ಕಲಿಸುತ್ತಲೇ ಇದ್ದರು. ಒಂದು ವಾರ ಕಲಿತವರು ಮುಂದಿನ ವಾರ ಇರುವುದಿಲ್ಲ. ಮತ್ತೆ ಹೊಸಬರು, ಮತ್ತೆ ಮೊದಲಿಂದ. ಇದೆಷ್ಟು ಕಷ್ಟ ಅಂತ ಬಹಳ ಜನಕ್ಕೆ ಗೊತ್ತಿಲ್ಲ.

17ನೇ ಮನೆಯ ಒಳಗೋಡೆ ನೆನಪಿದೆ. ಕಾಲೇಜು ಹುಡುಗರು ಇಡೀ ದಿನ ಹಾಡು ಹೇಳಿಕೊಂಡು ಆರು ಸಾಲು ಕಟ್ಟಿದ್ದರು. ಅವರ ಬಸ್ಸು ಹೋದ ಮೇಲೆ ಮೇಸ್ತ್ರಿ ಗೋಡೆ ನೆಟ್ಟಗಿದೆಯಾ ಅಂತ ನೋಡಲು ದಾರ ಕಟ್ಟಿದ ತೂಗುಗುಂಡು ಬಿಟ್ಟರು. ಗುಂಡಿಗೂ ಗೋಡೆಗೂ ನಡುವೆ ಎರಡು ಬೆರಳು ಸಂದು. ಪ್ಲಾಸ್ಟರ್‌ನಲ್ಲಿ ಸರಿ ಮಾಡೋಣ ಅಂದೆ. ಅವರು ಬೇಡ ಅಂತ ತಲೆ ಆಡಿಸಿದರು. "ಅಮ್ಮಾ, ಇದರ ಬುಡದಲ್ಲಿ ಮಕ್ಕಳು ಮಲಗ್ತವೆ. ಇವತ್ತೇ ಬಿಚ್ಚಿದ್ರೆ ಕಲ್ಲು ಉಳೀತದೆ, ನಾಳೆ ಅಂದ್ರೆ ಕಲ್ಲೂ ಹೋಗ್ತದೆ." ಬ್ಯಾಟರಿ ಬೆಳಕಲ್ಲಿ ಒಂದೊಂದೇ ಬ್ಲಾಕ್ ಬಿಚ್ಚಿ, ಗಾರೆ ಕೆರೆದು, ತೊಳೆದು ಇಟ್ಟೆವು. ಮುಗಿದಾಗ ರಾತ್ರಿ ಹತ್ತೂವರೆ.

ಹುಡುಗರಿಗೆ ಹೇಳುವುದು ಬೇಡ, ನೊಂದುಕೊಳ್ಳುತ್ತಾರೆ ಅಂತ ನನಗನ್ನಿಸಿತ್ತು. ಅವರು ಮತ್ತೆ ಬಂದಾಗ ಮೇಸ್ತ್ರಿಯೇ ಕರೆದು ಖಾಲಿ ಜಾಗ ತೋರಿಸಿದರು. ಬೈಯಲಿಲ್ಲ. ತೂಗುಗುಂಡನ್ನು ಒಬ್ಬನ ಕೈಗೆ ಕೊಟ್ಟು, ಪ್ರತಿ ಸಾಲಿಗೂ ನೀನೇ ನೋಡಬೇಕು ಅಂದರು. ಅದೇ ಹುಡುಗರು ಅದೇ ಗೋಡೆ ಕಟ್ಟಿದರು. ಈ ಸಲ ಹಾಡು ಸ್ವಲ್ಪ ಕಡಿಮೆ ಇತ್ತು. ಗೋಡೆ ನೆಟ್ಟಗೆ ಬಂತು.

ಮನೆ ಯಾರಿಗೆ ಯಾವುದು ಅಂತ ಕೊನೆಯವರೆಗೂ ಗೊತ್ತಿರಲಿಲ್ಲ, ಅಲ್ವಾ. ಆ 30 ಕುಟುಂಬದವರೇ ಹಾಗೆ ತೀರ್ಮಾನ ಮಾಡಿದ್ದು. ಕೂಲಿ ಕೆಲಸ ಬಿಟ್ಟು, ಸರದಿ ಮೇಲೆ ಬಂದು, ಎಲ್ಲರ ಮನೆಗೂ ಎಲ್ಲರೂ ದುಡಿದರು. ಎಲ್ಲ ಮುಗಿದ ಮೇಲೆ ಚೀಟಿ ಎತ್ತಿದರು. ಮರಳಿನಿಂದ ಕಲ್ಲು ಆರಿಸುತ್ತಿದ್ದ ಅಜ್ಜಿ ಪ್ರತಿ ಮನೆಯ ಬಾಗಿಲು ಚೌಕಟ್ಟನ್ನೂ ಕೈಯಲ್ಲಿ ಸವರಿ ನೋಡುತ್ತಿದ್ದರು. ಮೂವತ್ತರಲ್ಲಿ ಯಾವುದು ಬೇಕಾದರೂ ತಮ್ಮದಾಗಬಹುದಿತ್ತಲ್ಲ. ಅಕ್ಕಿರೊಟ್ಟಿ, ಬೆಲ್ಲದ ಕಾಫಿ ಮಾಡಿ ನಮ್ಮ ಹೊಟ್ಟೆ ನೋಡಿಕೊಂಡವರೂ ಈ ಮನೆಗಳವರೇ. ನಿಮ್ಮ ಋಣ ದೊಡ್ಡದು.

ದುಡ್ಡು ಕೊಟ್ಟವರಿಗೆ, ಅದರಲ್ಲೂ ಮಳೆಗಾಲದಲ್ಲಿ ಕೆಲಸ ನಿಂತಾಗ ಒಂದು ಮಾತೂ ಕೇಳದೆ ಕಾದವರಿಗೆ ನಮಸ್ಕಾರ. ಭಾನುವಾರಗಳನ್ನೆಲ್ಲ ನಮಗೆ ಬಿಟ್ಟುಕೊಟ್ಟ ನಮ್ಮ ಮನೆಯವರಿಗೂ.

ಮೇ ಕೊನೆಯ ವಾರ, ಮಳೆ ಹಿಡಿಯುವ ಮೊದಲು, ಚರಂಡಿಯ ಮಣ್ಣು ತೆಗೆಯಬೇಕು. ಹತ್ತು ಜನ ಸಾಕು. ಗುದ್ದಲಿ, ಬಾಂಡ್ಲಿ ಅಲ್ಲೇ ಇವೆ. ಮೇಸ್ತ್ರಿ ಶನಿವಾರ ಸಂಜೆಯೇ ಬರುತ್ತೇನೆ ಅಂದಿದ್ದಾರೆ.