ಹಳದಿ ಸರಿ, ಬೆರಳು ತಪ್ಪು

ಪ್ರಿಯ ಗೆಳೆಯಾ,

ಚಿಕ್ಕಬಳ್ಳಾಪುರದಲ್ಲಿ ನನ್ನ ಮೊದಲ ಚಿತ್ರಪ್ರದರ್ಶನ ಆರಂಭವಾಗಿ ಮೂರು ದಿನಗಳಾದವು, ನೀನು ಬರಲಿಲ್ಲ. ರೇಷ್ಮೆಗೂಡಿನ ದರ ಏರಿದೆ, ಅಂಗಳ ಬಿಟ್ಟು ಬರಲಾಗದು ಎಂಬ ನಿನ್ನ ನೆಪವನ್ನು ಒಪ್ಪಿಕೊಂಡಿದ್ದೇನೆ. ಏಳೂವರೆ ಇಡ್ಲಿಯ ಲೆಕ್ಕವನ್ನೇ ಇಷ್ಟು ವರ್ಷ ಒಪ್ಪಿಕೊಂಡು ಬಂದವನಿಗೆ ಇದೇನು ದೊಡ್ಡದಲ್ಲ. ಪತ್ರವನ್ನು ಹೀಗೆ ಬಹಿರಂಗವಾಗಿ ಬರೆಯುವುದಕ್ಕೆ ಬೈಯಬೇಡ. ನಿನಗೊಬ್ಬನಿಗೇ ಬರೆದರೆ ನೀನು ಉತ್ತರಿಸುವುದಿಲ್ಲ. ಹತ್ತು ಜನ ನೋಡುತ್ತಿದ್ದರೆ ಮಾನಕ್ಕಂಜಿಯಾದರೂ ಉತ್ತರಿಸುತ್ತೀಯೆ.

ಗೋಡೆಯ ಮೇಲೆ ಹದಿನಾಲ್ಕು ಚಿತ್ರಗಳಿವೆ, ಎಲ್ಲವೂ ನಮ್ಮ ಶಿಡ್ಲಘಟ್ಟದ ಕಡೆಯ ಬಾಲ್ಯದವು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದ 2007ಕ್ಕೆ ಹಿಂದಿನ ಕಾಲವಾದ್ದರಿಂದ ಆಹ್ವಾನಪತ್ರಿಕೆಯಲ್ಲಿ ‘ಕೋಲಾರ ಜಿಲ್ಲೆಯ ನೆನಪುಗಳು’ ಎಂದು ಹಾಕಿಸಿದ್ದೆ; ಉದ್ಘಾಟನೆಗೆ ಬಂದ ಹಿರಿಯರು ನಮ್ಮ ಜಿಲ್ಲೆಯ ಹೆಸರು ಏಕಿಲ್ಲವೆಂದು ಕಾಲು ಗಂಟೆ ಮಾತನಾಡಿ, ಚಿತ್ರಗಳನ್ನು ನೋಡದೆ ಹೊರಟರು.

ನಾಲ್ಕನೆಯ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದ ರೇಷ್ಮೆಹುಳುಗಳು ರಾತ್ರಿಯಿಡೀ ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದನ್ನು ಎಲ್ಲರೂ ಮಳೆಗೆ ಹೋಲಿಸುತ್ತಾರೆ. ನನಗೆ ಅದು ಮೇಷ್ಟ್ರು ಹೊರಗೆ ಹೋದ ತರಗತಿಯ ಪಿಸುಮಾತು. ಅದನ್ನು ಬಣ್ಣದಲ್ಲಿ ಹಿಡಿಯಲಾಗಲಿಲ್ಲ. ಗೂಡಿನ ಹಳದಿಯನ್ನು ಮಾತ್ರ ಬಿಡಲಿಲ್ಲ. ಈಗಿನ ದ್ವಿತಳಿ ಎಂಬ ಜಾತಿಯ ಹುಳುವಿನ ಗೂಡು ಬೆಳ್ಳಗಿರುತ್ತದೆ; ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಿಂದ ನಾವು ಬಿಡಿಸುತ್ತಿದ್ದ ಮಿಶ್ರತಳಿಯ ಹಳದಿಯು ನಿಂಬೆಯದೂ ಅಲ್ಲ, ಅರಿಸಿನದ್ದೂ ಅಲ್ಲ. ಎರಡು ತಿಂಗಳು ತಡಕಾಡಿ, ಕೊನೆಗೆ ಒಂದು ಹನಿ ಹಸಿರು ಬೆರೆಸಿದ ಮೇಲೆ ಸಿಕ್ಕಿತು.

ನಿನ್ನೆ ಸಂಜೆ ಗೂಡಿನಿಂದ ನೂಲು ಬಿಚ್ಚುವ ಕೆಲಸದಲ್ಲಿ ಮುದುಕರಾದ ಒಬ್ಬರು ಬಂದರು. ಕುದಿನೀರಿನ ಬೇಸಿನ್ ಮುಂದೆ ಕೂತ ಹುಡುಗನ ಚಿತ್ರದೆದುರು ಬಹಳ ಹೊತ್ತು ನಿಂತು, “ಹಳದಿ ಸರಿಯಾಗೈತೆ, ಬೆರಳು ಸರಿಯಿಲ್ಲ” ಎಂದು ತಮ್ಮ ಕೈಯನ್ನು ಚಿತ್ರದ ಪಕ್ಕಕ್ಕೆ ಹಿಡಿದರು. ಬೆರಳ ತುದಿಗಳು ನೆನೆಸಿಟ್ಟ ಕಡಲೆಯಂತೆ ಸುಕ್ಕುಗಟ್ಟಿದ್ದವು. ಆಮೇಲೆ, “ನೀವೆಷ್ಟು ವರ್ಷ ಮಾಡಿದ್ರಿ?” ಎಂದು ಕೇಳಿದರು.

ಮೂರು ವರ್ಷ ಎಂದೆ.

ಅದು ನಿನ್ನ ಮೂರು ವರ್ಷ. ಆರನೆಯ ತರಗತಿಯಿಂದ ನಿನ್ನನ್ನು ಬಿಡಿಸಿ ಅಲ್ಲಿ ಕೂರಿಸಿದಾಗ ನಾನು, ಮನೆಗೆ ತಿಂಗಳ ಸಂಬಳ ಬರುತ್ತಿದ್ದ ಹುಡುಗ, ಶಾಲೆಯ ಚೀಲ ಹೊತ್ತು ಆ ಶೆಡ್ಡಿನ ಬಾಗಿಲಲ್ಲಿ ನಿಂತು, ಬೆಂದ ಹುಳುವಿನ ವಾಸನೆಗೆ ಮೂಗು ಮುಚ್ಚಿಕೊಂಡು, ಆಟಕ್ಕೆ ಬಾ ಎಂದು ಕರೆಯುತ್ತಿದ್ದೆ. ಅವರು ಹೋದ ಮೇಲೆ ಚಿತ್ರವನ್ನು ಮತ್ತೆ ನೋಡಿದೆ. ಅದನ್ನು ಬಾಗಿಲಿನಿಂದ ಕಂಡಂತೆಯೇ ಬರೆದಿದ್ದೇನೆ. ಕೂತವನಿಗೆ ಬಾಗಿಲ ಚೌಕಟ್ಟು ಹಾಗೆ ಕಾಣುವುದಿಲ್ಲ. ಹಬೆಯ ನಡುವಿನ ಮುಖ ಮಾತ್ರ ನನ್ನದು, ಕೆಳಗಿರುವ ಶೀರ್ಷಿಕೆ ‘ನನ್ನ ಬಾಲ್ಯ’. ಒಂದು ಗೂಡಿನಲ್ಲಿ ಸುಮಾರು 800 ಮೀಟರ್ ಎಳೆ ಇರುತ್ತದೆಂದು ನೋಡಲು ಬಂದವರಿಗೆಲ್ಲ ಹೆಮ್ಮೆಯಿಂದ ವಿವರಿಸಿದ್ದೇನೆ. ಅದರ ಒಂದು ಗೇಣನ್ನೂ ನಾನು ಬಿಚ್ಚಿದವನಲ್ಲ. ನೀನು ಬರಲಿಲ್ಲವೆಂದು ಮೊದಲಿಗೇ ದೂರಿದೆನಲ್ಲ, ನಿಜವಾಗಿ ಮೂರು ದಿನವೂ ನೀನು ಬಂದುಬಿಟ್ಟರೇನು ಗತಿ ಎಂದು ಬಾಗಿಲು ನೋಡುತ್ತಿದ್ದೆ.

ಇಷ್ಟು ಬರೆಯಬೇಕೆಂದಿರಲಿಲ್ಲ. ಮೊದಲ ಪ್ರದರ್ಶನದಲ್ಲೇ ಪಶ್ಚಾತ್ತಾಪಪಡುವ ಕಲಾವಿದನೆಂದರೆ ಮದುವೆಯ ದಿನವೇ ಸನ್ಯಾಸದ ಮಾತೆತ್ತುವ ಮದುಮಗನಂತೆ. ಊಟಕ್ಕೆ ಬಂದವರಿಗೆ ಕಿರಿಕಿರಿ. ಹದಿನಾಲ್ಕರಲ್ಲಿ ಮಾರಾಟವಾಗಿರುವುದೂ ಅದೊಂದೇ. ಹಣದಲ್ಲಿ ನಿನ್ನ ಪಾಲೆಷ್ಟೆಂದು ಇಡ್ಲಿಯ ಲೆಕ್ಕ ಕಳೆದು ಹೇಳು. ಭಾನುವಾರ ಚಿತ್ರವನ್ನು ಒಯ್ಯುತ್ತಾರೆ, ಅದಕ್ಕೂ ಮೊದಲು ಒಂದು ಗಂಟೆಯಾದರೂ ಬಾ. ಕೊಂಡವರಿಗೆ ಹೇಳಿ ಒಪ್ಪಿಸಿದ್ದೇನೆ, ಕುಂಚ ಜೇಬಿನಲ್ಲೇ ಇದೆ. ನಿನ್ನ ಬೆರಳು ನೋಡಿಕೊಂಡು ತಿದ್ದಬೇಕು. ಮೂಗನ್ನು ಮಾತ್ರ ತಿದ್ದುವುದಿಲ್ಲ. ನಿನ್ನ ಮೂಗಿಗೆ ಆ ಕ್ಯಾನ್ವಾಸ್ ಸಾಲದು.

ನಿನ್ನವ,
ಸೈಕಲ್ ಪ್ರಕರಣದ ಎರಡನೆಯ ಆರೋಪಿ