ಮಂಗಳೂರು ಸೇರಿದ ಹುಡುಗನಿಗೆ ಕಾಕಾನ ಕಾಗದ

ಉಡುಪಿ

ತಮ್ಮಾ, ಆಶೀರ್ವಾದ.

ಆಫೀಸಿನಲ್ಲಿ ನಿನ್ನ ‘ಐತಿ’, ‘ಹೊಂಟೀನಿ’ ಕೇಳಿ ನಗುತ್ತಾರಂತ ಈಗ ಬಾಯಿ ತೆರೆದರೆ ‘ಉಂಟು ಮಾರಾಯ್ರೆ’ ಅನ್ನುತ್ತಿದ್ದೀಯಂತೆ. ನಿಮ್ಮವ್ವ ಫೋನಿನಲ್ಲಿ ಹೇಳಿದಳು. ಮೊದಲು ಅದನ್ನು ಬಿಡು. ‘ಉಂಟು’ ವಸ್ತುವಿಗೆ ಹೊಂದುತ್ತದೆ, ಮನುಷ್ಯರಿಗಲ್ಲ. ‘ಮ್ಯಾನೇಜರ್ ಉಂಟಾ?’ ಅಂತ ನೀನು ಕೇಳಿದ ದಿನ ‘ಐತಿ’ಗೆ ಬಿದ್ದ ನಗುವಿನ ಹತ್ತು ಪಟ್ಟು ಬೀಳುತ್ತದೆ.

ಆ ನಗು ಯಾಕೆ ಅಂತ ತಿಳಕೊ. ಅಲ್ಲಿ ಬಹಳ ಮನೆಗಳಲ್ಲಿ ಮಾತು ತುಳು, ಇಲ್ಲವೇ ಕೊಂಕಣಿ, ಬ್ಯಾರಿ. ಕನ್ನಡ ಸಿಕ್ಕಿದ್ದು ಹೆಚ್ಚಾಗಿ ಶಾಲೆಯ ಪುಸ್ತಕದಿಂದ, ಅದಕ್ಕೇ ಅಚ್ಚು ಹಾಕಿದಂತೆ ಮಾತಾಡುತ್ತಾರೆ. 1956ರ ತನಕ ಅವರು ಮದ್ರಾಸ್ ರಾಜ್ಯದಲ್ಲಿ, ನಮ್ಮ ಧಾರವಾಡ ಕಡೆಯವರು ಮುಂಬಯಿ ರಾಜ್ಯದಲ್ಲಿ. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬಿದ್ದದ್ದೇ ಕಡಿಮೆ. ಹೀಗಾಗಿ ಮೊದಲ ವಾರದ ನಗುವಿಗೆ ಬೇಜಾರಾಗಬೇಡ. ಒಬ್ಬನೇ ದಿನಾ ಅಣಕಿಸುತ್ತಿದ್ದರೆ ಮಾತ್ರ ಬದಿಗೆ ಕರೆದು ‘ಸಾಕ್ರೀ’ ಅನ್ನು, ನಮ್ಮ ಕನ್ನಡದಲ್ಲೇ.

ಕಲಿಯಬೇಕಾದದ್ದು ಅವರ ಕನ್ನಡವಲ್ಲ, ತುಳು. ಕನ್ನಡದಲ್ಲಿ ನೀನು ನೀನಾಗಿರು, ತುಳುವಿನಲ್ಲಿ ಶಿಷ್ಯನಾಗು. ಮೊದಲ ವಾಕ್ಯ ‘ಎಂಕ್ ತುಳು ಬರ್ಪುಜಿ, ಕಲ್ಪೊಂದುಲ್ಲೆ’ ಅಂತಿರಲಿ. ನನಗೆ ತುಳು ಬರುವುದಿಲ್ಲ, ಕಲಿಯುತ್ತಿದ್ದೇನೆ ಎಂದರ್ಥ. ಆಮೇಲೆ ದಿನಕ್ಕೆ 3 ಮಾತು ಸಾಕು. ಮಧ್ಯಾಹ್ನ ‘ಒಣಸ್ ಆಂಡಾ?’, ಅಂದರೆ ಊಟ ಆಯಿತಾ, ಹೊರಡುವಾಗ ‘ಬರ್ಪೆ’. ನಮ್ಮಲ್ಲಿ ‘ಬರ್ತೀನಿ’ ಅಂದು ಹೋಗುವಂತೆಯೇ.

ಎಡವುವುದು ಮರ್ಯಾದೆಯ ಜಾಗದಲ್ಲಿ. ತುಳುವಿನಲ್ಲಿ ‘ಈ’ ಅಂದರೆ ನೀನು, ‘ಈರ್’ ಅಂದರೆ ನೀವು. ಬಂದೆಯಾ ಅಂತ ಗೆಳೆಯನಿಗೆ ‘ಬತ್ತನಾ?’, ಬಂದಿರಾ ಅಂತ ಹಿರಿಯರಿಗೆ ‘ಬತ್ತರಾ?’. ನಮ್ಮ ‘ರೀ’ ಮಾಡುವ ಕೆಲಸ ಅಲ್ಲಿ ಆ ‘ರ್’ ಮಾಡುತ್ತದೆ. ಓರಗೆಯ ಹುಡುಗರಿಂದ ಕಲಿತವರ ಬಾಯಲ್ಲಿ ಬರೀ ‘ಈ’ ಕೂತಿರುತ್ತದೆ, ಬಾಡಿಗೆ ಮನೆಯ ಅಜ್ಜಿಗೂ ಅದನ್ನೇ ಅನ್ನುತ್ತಾರೆ. ಇನ್ನೊಂದು ‘ಬತ್ತೆ’. ನಾನು ಬಂದೆ, ಅವನು ಬಂದ, ಎರಡಕ್ಕೂ ಬರವಣಿಗೆ ಒಂದೇ. ‘ನಾನು’ ಆದರೆ ಕೊನೆಯ ಎಕಾರಕ್ಕೆ ಬಾಯಿ ಅಗಲ ತೆರೆಯುತ್ತದೆ, ‘ಅವನು’ ಆದರೆ ತೆರೆಯುವುದಿಲ್ಲ. ಪುಸ್ತಕ ನೋಡಿ ಇದು ಬರುವುದಿಲ್ಲ, ಆ ಅಜ್ಜಿಯಿಂದಲೇ ಹೇಳಿಸಿಕೊ.

ಉಡುಪಿಗೆ ಬಂದು ಬ್ರಹ್ಮಾವರ ದಾಟಿ ಕುಂದಾಪುರದ ಕಡೆ ಹೋದರೆ ಈ ತುಳು ನಡೆಯದು. ಅಲ್ಲಿಯದು ಕುಂದಗನ್ನಡ, ‘ಹ್ವಾಯ್’ ಅಂತ ಕರೆಯುತ್ತಾರೆ. ಅವರ ಮಾತಿಗೂ ಹೊರಗಿನವರು ನಗುವುದುಂಟು, ನಿನ್ನ ಸಂಕಟ ಅವರಿಗೆ ಬೇಗ ತಿಳಿಯುತ್ತದೆ.

ಊಟದ ವಿಚಾರ. ಮೀನು ತಿನ್ನುವುದಿಲ್ಲ ಅಂತ ಮೊದಲ ದಿನವೇ ಒಂದು ಮಾತಿನಲ್ಲಿ ಹೇಳಿಬಿಡು. ‘ಹೊಟ್ಟೆ ಸರಿಯಿಲ್ಲ’ ಅಂತ ನೆವ ಹೇಳಿದರೆ ಮುಂದಿನ ವಾರ ಮತ್ತೆ ಕರೆಯುತ್ತಾರೆ, ನೀನು ಮತ್ತೊಂದು ನೆವ ಹುಡುಕಬೇಕು. ತಿನ್ನದಿದ್ದರೂ ಜೊತೆಯಲ್ಲಿ ಕೂತು ಉಣ್ಣು. ಮುಖ ಸಿಂಡರಿಸಬೇಡ. ಕೋಲ, ನೇಮ ಅಂದರೆ ದೈವದ ಆರಾಧನೆ, ಅದಕ್ಕೆ ಕರೆದರೆ ಹೋಗು. ಚಪ್ಪಲಿ ಹೊರಗಿಡು, ಕೇಳದೆ ಫೋಟೋ ತೆಗೆಯಬೇಡ. ಮರುದಿನ ಆಫೀಸಿನಲ್ಲಿ ದೈವದ ಕೂಗನ್ನು ತಮಾಷೆಗೂ ಅನುಕರಿಸಬೇಡ. ಅದು ಅವರಿಗೆ ನಾಟಕವಲ್ಲ.

ಮುಂದಿನ ಸಲ ಊರಿನಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಂದು ಹಂಚು. ಜೋಳದ್ದು ಅಂತ ಮೊದಲೇ ಹೇಳು, ಅಲ್ಲಿ ರೊಟ್ಟಿ ಅಂದರೆ ಕೋಳಿಸಾರಿಗೆ ಮುರಿದು ಹಾಕುವ ಅಕ್ಕಿಯ ಗರಿಗರಿ ಹಾಳೆ. ಮಳೆಗಾಲವಾದರೆ ಬಿಗಿ ಮುಚ್ಚಳದ ಡಬ್ಬಿಯಲ್ಲೇ ಒಯ್ಯಿ, ಇಲ್ಲಿಯ ತೇವಕ್ಕೆ ಒಂದೇ ದಿನದಲ್ಲಿ ಮೆತ್ತಗಾಗುತ್ತದೆ.

ನಿನ್ನ ಕಾಕಾ