‘ಆಫ್ರಿಕನ್ನರು’ ಒಂದೇ ಜನವಲ್ಲ

ಮಾನ್ಯರೇ,

ಕ್ರೀಡಾ ವರದಿಯಿರಲಿ, ಬರಗಾಲದ ಸುದ್ದಿಯಿರಲಿ, ನಮ್ಮ ಪತ್ರಿಕೆಗಳಲ್ಲಿ ‘ಆಫ್ರಿಕನ್ನರು’ ಎಂಬ ಒಂದೇ ಪದ 54 ದೇಶಗಳ ಜನರನ್ನೆಲ್ಲ ಹೊತ್ತು ನಿಲ್ಲುತ್ತದೆ. ಆ ಖಂಡದ ಟಾಂಜಾನಿಯಾ ಒಂದನ್ನೇ ಗಮನಿಸಿದರೂ ಈ ಪದ ಎಷ್ಟು ಸಾಲದು ಎಂಬುದು ತಿಳಿಯುತ್ತದೆ.

ಅಲ್ಲಿ 120ಕ್ಕೂ ಹೆಚ್ಚು ಜನಾಂಗೀಯ ಸಮುದಾಯಗಳಿವೆ. ವಿಕ್ಟೋರಿಯಾ ಸರೋವರದ ದಕ್ಷಿಣಕ್ಕಿರುವ ಸುಕುಮಾ ಜನರು ಮಧ್ಯ, ಪೂರ್ವ ಮತ್ತು ದಕ್ಷಿಣ ಆಫ್ರಿಕಾದಲ್ಲಿ ಹಬ್ಬಿರುವ ಬಾಂಟು ಗುಂಪಿನ ಭಾಷೆಯನ್ನಾಡುವವರು, ದೇಶದ ಅತಿದೊಡ್ಡ ಸಮುದಾಯದವರು. ದನಗಾಹಿ ಮಸಾಯಿಗಳ ನುಡಿ ದಕ್ಷಿಣ ಸುಡಾನ್ ಕಡೆಯ ಭಾಷೆಗಳೊಂದಿಗೆ ನಂಟಿರುವ ನೈಲೋಟಿಕ್ ಗುಂಪಿನದಾದರೆ, ಇರಾಕ್ವ್ ಜನರ ನುಡಿ ಇಥಿಯೋಪಿಯಾ, ಸೊಮಾಲಿಯಾಗಳ ಭಾಷೆಗಳೊಂದಿಗೆ ನಂಟಿರುವ ಕುಶಿಟಿಕ್ ಗುಂಪಿನದು. ಎಯಾಸಿ ಸರೋವರದ ಸುತ್ತ ಬೇಟೆ, ಜೇನು, ಗೆಡ್ಡೆಗಳನ್ನು ನೆಚ್ಚಿ ಬದುಕಿರುವ ಹಾಡ್ಜಾ ಜನರು ಸಾವಿರದ ಆಸುಪಾಸಿನಲ್ಲಷ್ಟೇ ಇದ್ದು, ನಾಲಿಗೆ ಲೊಟಕಿಸಿ ಹೊರಡಿಸುವ ಧ್ವನಿಗಳಿಂದ ಕೂಡಿದ ಅವರ ಭಾಷೆಗೆ ಜಗತ್ತಿನ ಬೇರಾವ ಭಾಷೆಯೊಡನೆಯೂ ಸಂಬಂಧ ಸಾಬೀತಾಗಿಲ್ಲ. (ಹತ್ತಿರದ ಸಾಂದಾವೆ ಭಾಷೆಯಲ್ಲೂ ಇಂಥ ಧ್ವನಿಗಳಿವೆ, ಹಾಗೆಂದು ಎರಡನ್ನೂ ಒಂದೇ ಬುಟ್ಟಿಗೆ ಹಾಕಲಾಗದು.)

ದೇಶದ ಗಡಿಗಳು ಈ ಸಮುದಾಯಗಳನ್ನು ನೋಡಿ ಎಳೆದವೂ ಅಲ್ಲ. 1886ರಲ್ಲಿ ಬ್ರಿಟನ್ ಮತ್ತು ಜರ್ಮನಿ ಒಪ್ಪಿಕೊಂಡ ಗೆರೆಯು ಮಸಾಯಿಗಳ ನಡುವೆಯೇ ಹಾದುಹೋದ ಕಾರಣ ಅವರಲ್ಲಿ ಕೆಲವರು ಇಂದು ಕೆನ್ಯಾದ, ಉಳಿದವರು ಟಾಂಜಾನಿಯಾದ ಪ್ರಜೆಗಳು. ಇಷ್ಟೊಂದು ಭಿನ್ನತೆಯ ನಡುವೆ ಸ್ವಾಹಿಲಿಯನ್ನು ಎಲ್ಲರ ಸಂಪರ್ಕ ಭಾಷೆಯಾಗಿ ಬೆಳೆಸಲು ಶ್ರಮಿಸಿದ ಮೊದಲ ಅಧ್ಯಕ್ಷ ಜೂಲಿಯಸ್ ನೈರೇರೆ ಸ್ವತಃ ಝನಾಕಿ ಎಂಬ ಪುಟ್ಟ ಸಮುದಾಯದವರು.

ಆದ್ದರಿಂದ ಆ ಖಂಡದ ಸುದ್ದಿ ಪ್ರಕಟಿಸುವಾಗ ದೇಶದ ಹೆಸರನ್ನೂ, ತಿಳಿದಿದ್ದರೆ ಸಮುದಾಯದ ಹೆಸರನ್ನೂ ನಮೂದಿಸಬೇಕೆಂದು ಕೋರುತ್ತೇನೆ.

– ಓದುಗ, ಧಾರವಾಡ